ಪಾತ್ರೆಯುಂಟು, ನೆಲವಿಲ್ಲ: ಚನ್ನಪಟ್ಟಣದ ಗೊಂಬೆ ಸಂಸಾರ

ಚನ್ನಪಟ್ಟಣದ ಅಡಿಗೆ ಸೆಟ್ಟಿನ ಪೊಟ್ಟಣ ಬಿಚ್ಚಿದರೆ ಒಂದು ಸಂಸಾರವೇ ಹೊರಗೆ ಉರುಳುತ್ತದೆ. ಒಲೆ, ಕೊಡ, ಲೋಟ, ಬೋಗುಣಿ, ಒರಳು, ಬೀಸುಕಲ್ಲು, ಒನಕೆ, ಲಟ್ಟಣಿಗೆ, ಅದಕ್ಕೆ ಜೊತೆಯಾಗಿ ದುಂಡನೆಯ ಮಣೆ. ಹೆಬ್ಬೆರಳುದ್ದದ ಕೊಡಕ್ಕೂ ಹೊಟ್ಟೆ, ಕಂಠ, ಬಾಯಿ ಎಲ್ಲ ಅಚ್ಚುಕಟ್ಟು. ಬೀಸುಕಲ್ಲಿನ ಮೇಲಿನ ಬಿಲ್ಲೆ ಗೂಟದ ಮೇಲೆ ನಿಜವಾಗಿಯೂ ತಿರುಗುತ್ತದೆ. ಎಲ್ಲವೂ ಇದೆ, ಇದನ್ನೆಲ್ಲ ಇಟ್ಟುಕೊಳ್ಳಲು ಮನೆ ಮಾತ್ರ ಇಲ್ಲ. ಗೋಡೆ ಇಲ್ಲ, ಸೂರಿಲ್ಲ, ನೆಲವಂತೂ ಯಾರ ತಲೆಗೂ ಹೊಳೆದಂತಿಲ್ಲ.

ಯುರೋಪಿನಲ್ಲಿ ಇದೇ ಆಟ ತಿರುವುಮುರುವು. ಅಲ್ಲಿ ಮೊದಲು ಮನೆ, ಆಮೇಲೆ ಪಾತ್ರೆ. ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಸಿರಿವಂತೆ 17ನೇ ಶತಮಾನದ ಕೊನೆಯಲ್ಲಿ ಮಾಡಿಸಲು ತೊಡಗಿದ ಗೊಂಬೆಮನೆ ಇವತ್ತಿಗೂ ಆ ಊರಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಅದರೊಳಗಿನ ಪಿಂಗಾಣಿ ಬಟ್ಟಲುಗಳನ್ನು ಆಕೆ ಚೀನಾದಿಂದ ಹೇಳಿ ಮಾಡಿಸಿ ತರಿಸಿದ್ದಳು. ಹೊಸದಿಲ್ಲಿಯ ಕಟ್ಟಡಗಳನ್ನು ರೂಪಿಸಿದ ಎಡ್ವಿನ್ ಲಟ್ಯೆನ್ಸ್ 1921ರಿಂದ 1924ರವರೆಗೆ ಬ್ರಿಟನ್ನಿನ ರಾಣಿ ಮೇರಿಗಾಗಿ ಗೊಂಬೆಮನೆಯೊಂದನ್ನು ಕಟ್ಟಿಸಿದ. ಅದರಲ್ಲಿ ಲಿಫ್ಟು ಓಡುತ್ತಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು. ಅಳತೆ 12ಕ್ಕೆ 1, ಅಂದರೆ ನಿಜದ ಮನೆಯ ಒಂದು ಅಡಿ ಗೊಂಬೆಮನೆಯಲ್ಲಿ ಒಂದು ಇಂಚು.

ಈ ಅಳತೆ ಹಿಡಿದು ಗೊಂಬೆಮನೆ ಕಟ್ಟುವ ಹವ್ಯಾಸಿಗಳು ಇಂದಿಗೂ ನೆಲಕ್ಕೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ನಾಲ್ಕು ಇಂಚು ಅಗಲದ ಹಲಗೆ ಅಲ್ಲಿ ಸುಮಾರು 8 ಮಿಲಿಮೀಟರ್ ಆಗುತ್ತದೆ, ಒಂದು ಇಂಚು ದಪ್ಪದ್ದು 2 ಮಿಲಿಮೀಟರ್. ಐಸ್‌ಕ್ರೀಮ್ ಕಡ್ಡಿ ಹೆಚ್ಚುಕಡಿಮೆ ಇದೇ ಅಳತೆಯದಾದ್ದರಿಂದ ಬಡವರ ಗೊಂಬೆಮನೆಗೆ ಅದೇ ತೇಗದ ಹಲಗೆ! ಅನುಕೂಲವಿದ್ದವರು ಓಕ್, ವಾಲ್ನಟ್ ಮರದ ತೆಳು ಪದರ ತಂದು ಪಟ್ಟಿ ಪಟ್ಟಿಯಾಗಿ ಸೀಳಿ, ಒಂದು ಸಾಲಿನ ಕೀಲು ಪಕ್ಕದ ಸಾಲಿನ ಕೀಲಿಗೆ ಎದುರಾಗದಂತೆ ಅಂಟಿಸಿ, ಉಜ್ಜಿ, ಮೆರುಗು ಹಚ್ಚುತ್ತಾರೆ. ಚಳಿಯ ದೇಶದಲ್ಲಿ ದೊಡ್ಡವರ ಮನೆಯ ನೆಲ ಮರದ್ದು. ಗೊಂಬೆಯ ಮನೆ ಅದರ ನಕಲು.

ನಮ್ಮಲ್ಲಿ ಹಾಗಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳೆಯ ಹಳ್ಳಿಮನೆಗಳ ನೆಲ ಸಗಣಿ ಹಾಕಿ ಸಾರಿಸಿದ ಮಣ್ಣಿನದು. ಅನುಕೂಲಸ್ಥರದ್ದಾದರೆ ಚಪ್ಪಡಿ ಕಲ್ಲಿನದು, ಆಮೇಲಿನ ಕಾಲದ್ದಾದರೆ ಕೆಂಪು ಗಾರೆಯದು. ದೇವನಹಳ್ಳಿ ಕಡೆಯ ಸಾದಹಳ್ಳಿ ಕಲ್ಲು ಕೈಗೆಟುಕುವ ಸೀಮೆಯಲ್ಲಿ ನೆಲಕ್ಕೆ ಮರ ಹಾಸುವುದೆಂದರೆ ಗೆದ್ದಲಿಗೆ ಊಟ ಬಡಿಸಿದಂತೆಯೇ. ಮರವೇನಿದ್ದರೂ ಕಂಬಕ್ಕೆ, ತೊಲೆಗೆ, ಬಾಗಿಲಿಗೆ, ತಲೆಯ ಮೇಲಿನ ಅಟ್ಟಕ್ಕೆ. ಮಕ್ಕಳು ಮನೆ ಆಟ ಆಡುವಾಗಲೂ ಅಷ್ಟೆ. ಅಂಗಳದ ಮಣ್ಣಿನಲ್ಲಿ ಬೆಣಚುಕಲ್ಲು ಸಾಲಾಗಿ ಜೋಡಿಸಿದರೆ ಅದೇ ಗೋಡೆ, ಕಲ್ಲು ಬಿಟ್ಟ ಜಾಗವೇ ಬಾಗಿಲು, ಅಂಗಳವೇ ನೆಲ. ನೆಲವನ್ನು ಬೇರೆ ಮಾಡಿಸಿ ತರುವ ಪ್ರಮೇಯವೇ ಬರಲಿಲ್ಲ.

ಕಾರಣ ಇಷ್ಟೇ ಎನ್ನುವಂತಿಲ್ಲ. ಕುರ್ಚಿ ಮೇಜು ಬಳಸದ ಮನೆಯ ಮಕ್ಕಳಿಗೂ ಗೊಂಬೆಯ ಕುರ್ಚಿ ಮೇಜು ಸಿಕ್ಕಿದ್ದುಂಟು. ಗೊಂಬೆ ಸಂಸಾರಕ್ಕೆ ಪಾತ್ರೆ ಸಿಕ್ಕಿತು, ನೆಲ ಸಿಗಲಿಲ್ಲ ಎಂಬುದರ ಹಿಂದೆ ಒಂದು ಯಂತ್ರದ, ಒಂದು ಮರದ, ಒಂದು ಹುಳುವಿನ ಕಥೆಯಿದೆ.

ಆ ಕಥೆಗೆ ಮೊದಲು ಊರಿನ ಗುರುತು. ಚನ್ನಪಟ್ಟಣ ಈಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಲ್ಲ, ಆದರೆ ಒಂದು ಕಾಲಕ್ಕೆ ಇತ್ತು. 1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆ ಎರಡಾದಾಗ ಗ್ರಾಮಾಂತರಕ್ಕೆ ಬಂದದ್ದು ಎಂಟು ತಾಲ್ಲೂಕು: ಮೇಲೆ ಹೇಳಿದ ನಾಲ್ಕರ ಜೊತೆಗೆ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ. 2007ರಲ್ಲಿ ಈ ಕೊನೆಯ ನಾಲ್ಕು ಬೇರ್ಪಟ್ಟು ರಾಮನಗರ ಜಿಲ್ಲೆಯಾದವು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಗೊಂಬೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕ 2005-06ರ ಹೊತ್ತಿಗೆ ಊರು ಇನ್ನೂ ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ಊರು ಇದ್ದಲ್ಲೇ ಇತ್ತು, ಜಿಲ್ಲೆಗಳು ಬಂದು ಹೋದವು ಅಷ್ಟೆ.

ಈ ಕಸುಬಿಗೂ ಈಗಿನ ಗ್ರಾಮಾಂತರ ಜಿಲ್ಲೆಗೂ ಇನ್ನೊಂದು ನಂಟಿದೆ, ಅದು ಜನರ ಬಾಯಿಮಾತಿನದು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನಿಗೆ ಪರ್ಷಿಯಾದಿಂದ ಅರಗಿನ ಮೆರುಗಿನ ಮರದ ವಸ್ತುವೊಂದು ಕಾಣಿಕೆಯಾಗಿ ಬಂತಂತೆ. ಅದಕ್ಕೆ ಮಾರುಹೋಗಿ ಅವನು ಅಲ್ಲಿಂದ ಕುಶಲಕರ್ಮಿಗಳನ್ನು ಕರೆಸಿ ಚನ್ನಪಟ್ಟಣದವರಿಗೆ ಕಲಿಸಿದನಂತೆ. ಹೊರದೇಶದ ಕಸುಬನ್ನು ತನ್ನ ರಾಜ್ಯದಲ್ಲಿ ನೆಲೆಯೂರಿಸುವ ಹಂಬಲ ಟಿಪ್ಪುವಿಗೆ ಇದ್ದದ್ದು ನಿಜ, ರೇಷ್ಮೆಯೇ ಅದಕ್ಕೆ ಸಾಕ್ಷಿ. ಗೊಂಬೆಯ ವಿಷಯದಲ್ಲಿ ಮಾತ್ರ ಕಥೆ ಕಥೆಯಾಗಿಯೇ ಉಳಿದಿದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ಕಂಡು ಬರೆದದ್ದು ಗಾಜಿನ ಬಳೆ ಮಾಡುವುದನ್ನು, ವೀಣೆಯಂಥ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವುದನ್ನು. 19ನೇ ಶತಮಾನದ ಕೊನೆಯ ಭಾಗದಲ್ಲಿ ಬಿ.ಎಲ್. ರೈಸ್ ಮೈಸೂರಿನ ಗೆಜೆಟಿಯರ್ ಬರೆಯುವಾಗ ಬಳೆ, ತಂತಿಗಳ ಪಕ್ಕದಲ್ಲಿ ಅರಗಿನ ಸಾಮಾನು, ಗೊಂಬೆಗಳೂ ಸೇರಿಕೊಂಡಿವೆ, ಊರಿನ ಭಾಗವಾದ ಶುಕ್ರವಾರಪೇಟೆಯ ಹೆಸರಿನೊಂದಿಗೆ. ಬಳೆ ಮತ್ತು ತಂತಿ ಮಾಡುವವರು ಈಗ ಆ ಊರಿನ ಗುರುತಲ್ಲ. ಮೂರರಲ್ಲಿ ಹೆಸರು ಉಳಿಸಿಕೊಂಡದ್ದು ಗೊಂಬೆ.

ಗೊಂಬೆ ಉಳಿದುಕೊಂಡದ್ದಕ್ಕೆ ಮುಖ್ಯ ಕಾರಣ ಹಾಲೆ ಮರ. ಊರಿನವರು ಆಲೆ ಮರ ಎಂದೂ ಹೇಳುತ್ತಾರೆ. ಚನ್ನಪಟ್ಟಣ, ಮಾಗಡಿ, ಕನಕಪುರ, ರಾಮನಗರದ ಕುರುಚಲು ಕಾಡಿನಲ್ಲಿ ಬೆಳೆಯುವ ಸಾಧಾರಣ ಮರ ಅದು. ತೇಗ, ಬೀಟೆಯ ಎದುರು ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲೆ ಮುರಿದರೆ ಹಾಲು ಒಸರುತ್ತದೆ, ಕಾಯಿ ಜೋಡಿಯಾಗಿ ಉದ್ದಕ್ಕೆ ಜೋಲುತ್ತದೆ. ಒಳಗಿನ ಮರ ಆನೆದಂತದ ಬಣ್ಣದ್ದು, ಎಳೆ ನಯ, ಗಂಟು ಕಡಿಮೆ. ಬಡಗಿ ಇದರಿಂದ ಬಾಗಿಲು ಮಾಡಲಾರ, ಅಷ್ಟು ದಪ್ಪದ ಬೊಡ್ಡೆ ಸಿಗುವುದಿಲ್ಲ. ತೋಳಿನ ದಪ್ಪದ ಕೊಂಬೆಯಿಂದ ಒಂದು ಮೊಳದ ತುಂಡು ಸಿಕ್ಕರೆ ಲೇತಿನವನಿಗೆ ಅದೇ ಸಾಕು. ಸಿಪ್ಪೆ ತೆಗೆದು, ತುಂಡರಿಸಿ, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಹಸಿ ಮರದಲ್ಲಿ ಕಡೆದ ಲೋಟ ಬಿರಿಯುತ್ತದೆ, ಮುಚ್ಚಳ ಬಾಯಿಗೆ ಕೂರುವುದಿಲ್ಲ.

ದೊಡ್ಡ ಬೊಡ್ಡೆ ಸಿಗದ ಮರ ಎಂದಾಗಲೇ ಅರ್ಧ ಕಥೆ ಮುಗಿಯಿತು. ಹಲಗೆ ಕೊಯ್ಯಲು ಅಗಲ ಬೇಕು. ಹಾಲೆಯಲ್ಲಿ ಇರುವುದು ಉದ್ದ ಮತ್ತು ದುಂಡು. ಅದು ಕೊಡವಾಗಲು, ಬುಗುರಿಯಾಗಲು, ಮಣಿಯಾಗಲು ಹೇಳಿ ಮಾಡಿಸಿದ ಮರ.

ಉಳಿದರ್ಧ ಲೇತಿನಲ್ಲಿದೆ. ವಿದ್ಯುತ್ತು ಬರುವ ಮುಂಚೆ ಅದು ನೆಲದ ಮೇಲೆ ಕೂತು ಬಿಲ್ಲಿನಿಂದ ತಿರುಗಿಸುವ ಕೈಲೇತು. ಬಿಲ್ಲಿನ ಹಗ್ಗವನ್ನು ಕದಿರಿಗೆ ಒಂದು ಸುತ್ತು ಸುತ್ತಿ ಒಂದು ಕೈಯಲ್ಲಿ ಹಿಂದಕ್ಕೆ ಮುಂದಕ್ಕೆ ಎಳೆದರೆ ಮರ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುತ್ತದೆ. ಮರ ತನ್ನ ಕಡೆಗೆ ತಿರುಗುವ ಗಳಿಗೆಯಲ್ಲಿ ಮಾತ್ರ ಉಳಿ ಕಚ್ಚಬೇಕು, ವಾಪಸು ತಿರುಗುವಾಗ ಸಡಿಲ ಬಿಡಬೇಕು. ಉಳಿಯನ್ನು ಹಿಡಿದಿಡಲು ಕಾಲ್ಬೆರಳೂ ನೆರವಿಗೆ ಬರುತ್ತಿತ್ತು. ಮೋಟಾರಿನ ಲೇತು ಬಂದಮೇಲೆ ಮರ ಒಂದೇ ದಿಕ್ಕಿಗೆ, ನಿಲ್ಲದೆ, ಇನ್ನೂ ಹೆಚ್ಚಿನ ವೇಗದಲ್ಲಿ ತಿರುಗತೊಡಗಿತು. ಕೆಲಸ ಮಾತ್ರ ಅದೇ. ತುಂಡಿನ ಒಂದು ತುದಿಯನ್ನು ಲೇತಿನ ಬಾಯಿಗೆ ಬಡಿದು ಕೂರಿಸಿ, ಅಗಲ ಉಳಿಯಲ್ಲಿ ದುಂಡು ಮಾಡಿ, ಸಣ್ಣ ಉಳಿಯಲ್ಲಿ ಕಂಠ ತೆಗೆದು, ಮರಳು ಕಾಗದದಲ್ಲಿ ಉಜ್ಜಿದರೆ ಲೋಟದ ಆಕಾರ ಬಂತು. ಪಳಗಿದ ಕೈಯವರು ಅಳತೆಗೋಲು ಮುಟ್ಟುವುದೇ ಅಪರೂಪ. ಒಂದೇ ತುಂಡಿನಿಂದ ಒಂದರ ಹಿಂದೊಂದು ಲೋಟ ಕತ್ತರಿಸಿ ಬೀಳಿಸುತ್ತಾ ಹೋದರೂ ಅವೆಲ್ಲ ಒಂದೇ ಎತ್ತರಕ್ಕೆ ಬರುತ್ತವೆ.

ಮೂರನೆಯದು ಹುಳುವಿನ ಪಾಲು. ಅರಗು ಎಂದರೆ ಮುತ್ತುಗ, ಎಲಚಿಯಂಥ ಮರಗಳ ಎಳೆ ರೆಂಬೆಗೆ ಅಂಟಿಕೊಂಡು ಬದುಕುವ ಸಣ್ಣ ಕೀಟ ತನ್ನ ಮೈ ಕಾಪಾಡಿಕೊಳ್ಳಲು ಒಸರಿಸುವ ರಾಳ. ದೇಶದಲ್ಲಿ ಅದರ ದೊಡ್ಡ ಬೆಳೆ ಜಾರ್ಖಂಡ್, ಛತ್ತೀಸ್‌ಗಢದ ಕಾಡಂಚಿನ ಹಳ್ಳಿಗಳದ್ದು. ಅಲ್ಲಿಂದ ಬಂದ ಅರಗನ್ನು ಇದ್ದಿಲ ಬೆಂಕಿಗೆ ಹಿಡಿದು ಮೆತ್ತಗಾಗಿಸಿ, ಬಣ್ಣ ಹಾಕಿ, ಎರಡು ಕೋಲಿನ ನಡುವೆ ಎಳೆದು ಮಡಚಿ ನಾದುತ್ತಾರೆ. ಬಣ್ಣ ಒಂದೇ ಸಮ ಹಿಡಿಯುವವರೆಗೆ ಇದು ನಡೆಯುತ್ತದೆ, ಆಮೇಲೆ ಹೊಸೆದು ಕಡ್ಡಿ ಮಾಡಿಡುತ್ತಾರೆ. ಹಿಂದೆ ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ, ಕಂದಿಗೆ ಕಾಚು. ಆಮೇಲೆ ರಾಸಾಯನಿಕ ಬಣ್ಣಗಳು ಬಂದವು. ಮಗು ಬಾಯಿಗಿಡುವ ವಸ್ತುವಿನಲ್ಲಿ ಸೀಸ ಇರಬಾರದು ಎಂಬ ತಕರಾರು ಹೊರದೇಶದ ಪೇಟೆಯಿಂದ ಎದ್ದಾಗ ಮತ್ತೆ ಅರಿಸಿನಕ್ಕೇ ಮರಳಿದವರು ಹಲವರು.

ಬಣ್ಣ ಹಚ್ಚುವುದು ನೋಡಲು ಬಲು ಸೊಗಸು. ಇಲ್ಲಿ ಕುಂಚವಿಲ್ಲ, ಡಬ್ಬಿಯಿಲ್ಲ. ಭರ್ರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಮೊದಲು ಅದು ಗೆರೆಗೆರೆಯಾಗಿ, ಉಬ್ಬುತಗ್ಗಾಗಿ ಕಾಣುತ್ತದೆ. ಆಗ ಕೇದಗೆ ಜಾತಿಯ ಒಣಗರಿಯ ತುಂಡನ್ನು ಒತ್ತಿ ಎಡಕ್ಕೂ ಬಲಕ್ಕೂ ಆಡಿಸುತ್ತಾರೆ, ಊರವರ ಮಾತಿನಲ್ಲಿ ಅದು ತಾಳೆಗರಿ. ಗರಿ ಓಡಿದ ಕಡೆ ಅರಗು ಹರಡಿ, ತೆಳುವಾಗಿ, ಕನ್ನಡಿಯ ಹೊಳಪು ಬರುತ್ತದೆ. ಒಂದರ ಮೇಲೊಂದು ಬಣ್ಣ ಬೇಕೆಂದರೆ ಇನ್ನೊಂದು ಕಡ್ಡಿ. ಪಟ್ಟೆ ಬೇಕಿದ್ದರೆ ಕಡ್ಡಿಯ ಮೂಲೆಯನ್ನಷ್ಟೇ ತಾಗಿಸಿದರೆ ಸಾಕು, ಗೆರೆ ತಾನೇ ಸುತ್ತು ಬಂದು ಸೇರಿಕೊಳ್ಳುತ್ತದೆ.

ಇಲ್ಲಿಯೇ ನೆಲದ ಪ್ರಶ್ನೆಗೆ ಉತ್ತರ ಇರುವುದು. ತಿರುಗುವ ಮರಕ್ಕೆ ಮಾತ್ರ ಈ ಅರಗು ಹತ್ತುತ್ತದೆ. ಹಲಗೆ ತಿರುಗುವುದಿಲ್ಲ. ಚನ್ನಪಟ್ಟಣದವರು ಗೊಂಬೆಗೆ ನೆಲ ಹಾಸಬೇಕೆಂದರೆ ತಮ್ಮ ಮರ, ತಮ್ಮ ಯಂತ್ರ, ತಮ್ಮ ಬಣ್ಣ ಮೂರನ್ನೂ ಬದಿಗಿಟ್ಟು ಬಡಗಿಯ ಗರಗಸ ಹಿಡಿಯಬೇಕಿತ್ತು. ಹಾಗೆ ಮಾಡಲು ಅವರಿಗೆ ಯಾವ ಕಾರಣವೂ ಇರಲಿಲ್ಲ. ಊರೂರಿನ ಬಡಗಿ ತನ್ನ ಪಾಡಿಗೆ ಮಗುವಿಗೆ ನಡೆಯಲು ಕಲಿಸುವ ಮೂರು ಗಾಲಿಯ ಬಂಡಿ ಮಾಡಿ ಕೊಡುತ್ತಲೇ ಇದ್ದ. ಅವನ ಕಸುಬು ಚಪ್ಪಟೆ, ಇವರದ್ದು ದುಂಡು. ಇಬ್ಬರ ದಾರಿಯೂ ಬೇರೆ.

ಲೇತಿನಿಂದ ದುಂಡಲ್ಲದ್ದನ್ನು ತೆಗೆದವರು ಲೋಕದಲ್ಲಿ ಇಲ್ಲದಿಲ್ಲ. ಜರ್ಮನಿಯ ಅದಿರು ಬೆಟ್ಟಗಳ ಸೈಫೆನ್ ಎಂಬ ಊರಿನವರು 19ನೇ ಶತಮಾನದಿಂದ ಒಂದು ಚಮತ್ಕಾರ ಮಾಡುತ್ತಾ ಬಂದಿದ್ದಾರೆ. ತೊಯ್ದ ಸ್ಪ್ರೂಸ್ ಮರದ ದಪ್ಪ ಬಿಲ್ಲೆಯನ್ನು ಲೇತಿಗೆ ಹಾಕಿ ಬಳೆಯಾಗಿ ಕಡೆಯುತ್ತಾರೆ. ಕಡೆಯುವಾಗ ಅಲ್ಲಿ ಏನಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಆ ಬಳೆಯನ್ನು ರೊಟ್ಟಿ ತುಂಡರಿಸಿದ ಹಾಗೆ ಸೀಳಿದರೆ ಪ್ರತಿ ಸೀಳಿನ ಅಡ್ಡಕೊಯ್ತವೂ ಒಂದು ಹಸು, ಒಂದು ಕುದುರೆ, ಒಂದು ಆನೆ! ಒಂದು ಬಳೆಗೆ ಹತ್ತಾರು ಪ್ರಾಣಿಗಳು. ಮೂಲೆ ಕೆತ್ತಿ ಬಣ್ಣ ಬಳಿದರೆ ಮುಗಿಯಿತು. ಸೈಫೆನ್ನಿನವರ ಬೆನ್ನಿಗೆ ಗೊಂಬೆಮನೆಯ ದೊಡ್ಡ ಮಾರುಕಟ್ಟೆ ಇತ್ತು. ಚನ್ನಪಟ್ಟಣದ ಬೆನ್ನಿಗೆ ಇದ್ದದ್ದು ದಸರಾ.

20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಈ ಕಸುಬಿಗೆ ಹೊಸ ತಿರುವು ಕೊಟ್ಟರೆಂದು ಊರು ನೆನೆಯುತ್ತದೆ. ಜಪಾನಿನ ಗೊಂಬೆ ಮಾಡುವ ತಂತ್ರವನ್ನು ಇಲ್ಲಿಗೆ ತಂದು ಹಂಚಿದವರು ಅವರೇ ಎಂಬುದು ಪ್ರತೀತಿ, ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದೇ ಅವರನ್ನು ಕರೆಯುವುದುಂಟು. ಜಪಾನಿನ ಮಾದರಿ ಇಲ್ಲಿಗೆ ಒಗ್ಗಿದ್ದರಲ್ಲಿ ಅಚ್ಚರಿಯೇನಿಲ್ಲ. ಆ ದೇಶದ ಉತ್ತರ ಭಾಗದ ಕೊಕೆಶಿ ಗೊಂಬೆಗಳಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ದುಂಡು ತಲೆ, ಕಂಬದಂಥ ಮೈ, ಎಲ್ಲವೂ ಲೇತಿನ ಕೂಸು. ಗೊಂಬೆಯೊಳಗೆ ಗೊಂಬೆ ಇರುವ ರಷ್ಯಾದ ಮತ್ರ್ಯೋಷ್ಕಾ 1890ರ ದಶಕದಲ್ಲಿ ಹುಟ್ಟಿದ್ದು, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಹೆಸರಾದದ್ದು. ಅದಕ್ಕೂ ಜಪಾನಿನ ಗೊಂಬೆಯೇ ಪ್ರೇರಣೆ ಎಂದು ಹೇಳುವವರಿದ್ದಾರೆ. ಚನ್ನಪಟ್ಟಣದ ರಾಜ ರಾಣಿ, ತಲೆ ಅಲ್ಲಾಡಿಸುವ ಗೊಂಬೆ, ಪೇಟದ ಸಿಪಾಯಿ ಎಲ್ಲರೂ ಇದೇ ಬಳಗದವರು. ಒಂದು ಕಂಬ, ಮೇಲೊಂದು ಚೆಂಡು, ಕಣ್ಣು ಮೂಗಿಗೆ ನಾಲ್ಕು ಚುಕ್ಕೆ.

ಈ ಗೊಂಬೆಗಳೂ ಪಾತ್ರೆಗಳೂ ವಾಸಕ್ಕಿರುತ್ತಿದ್ದದ್ದು ಎಲ್ಲಿ? ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಉತ್ತರ ಸಿದ್ಧವಾಗಿತ್ತು: ದಸರಾ ಗೊಂಬೆಯ ಮೆಟ್ಟಿಲ ಮೇಲೆ. ನವರಾತ್ರಿ ಹತ್ತಿರ ಬಂದಾಗ ಟ್ರಂಕು, ಡಬ್ಬ, ಮಣೆ, ಪುಸ್ತಕದ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ಮೂರು, ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯ ಮೆಟ್ಟಿಲು ಕಟ್ಟಿ, ಮೇಲೆ ಬಿಳಿ ಪಂಚೆ ಹಾಸಿದರೆ ಗೊಂಬೆಗಳ ಲೋಕಕ್ಕೆ ನೆಲ ಬಂತು. ಅದರ ತುತ್ತತುದಿಯಲ್ಲಿ ಪಟ್ಟದ ಗೊಂಬೆ. ರಕ್ತಚಂದನದ ಈ ಜೋಡಿಯನ್ನು ಮದುವೆಯಲ್ಲಿ ಮಗಳಿಗೆ ತವರಿನಿಂದ ಕೊಟ್ಟು ಕಳಿಸುವ ವಾಡಿಕೆ. ಪ್ರತಿ ವರ್ಷ ಹೊಸ ಸೀರೆ, ಹೊಸ ಪಂಚೆ ಉಡಿಸಿ ಕೂರಿಸಿ, ವಿಜಯದಶಮಿಯ ರಾತ್ರಿ ಮಲಗಿಸಿ ಎತ್ತಿಡುತ್ತಾರೆ.

ಕೆಳಗಿನ ಮೆಟ್ಟಿಲಿಗೆ ಬಂದರೆ ದೇವರು ರಾಜರು ಮುಗಿದು ಸಂಸಾರ ಶುರು. ದಪ್ಪ ಹೊಟ್ಟೆಯ ಶೆಟ್ಟಿ, ಪಕ್ಕದಲ್ಲಿ ಶೆಟ್ಟಮ್ಮ, ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜದ ಅಕ್ಕಿ, ಬೇಳೆ, ಬೆಲ್ಲ. ಚನ್ನಪಟ್ಟಣದ ಒರಳು, ಬೀಸುಕಲ್ಲು, ಕೊಡ, ಲೋಟ ಕೂರುತ್ತಿದ್ದದ್ದು ಈ ಹಂತದಲ್ಲೇ. ಮೆಟ್ಟಿಲು ಮುಗಿದ ಮೇಲೆ ನೆಲದ ಮೇಲೂ ಊರು ಹಬ್ಬುತ್ತದೆ. ತಟ್ಟೆಯ ಮಣ್ಣಿನಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಪಾರ್ಕು, ಕನ್ನಡಿ ಮಲಗಿಸಿದರೆ ಕೆರೆ, ಮರಳು ಹರಡಿದರೆ ರಸ್ತೆ. ಸಂಜೆಗೆ ಬೀದಿಯ ಮಕ್ಕಳು ಗುಂಪುಕಟ್ಟಿಕೊಂಡು ಬಂದು ಬಾಗಿಲಲ್ಲಿ ಕೂಗುತ್ತಿದ್ದರು: “ಗೊಂಬೆ ಕೂರ್ಸಿದ್ದೀರಾ?” ಕೂರಿಸಿದ್ದರೆ ಒಳಗೆ ಕರೆದು ತೋರಿಸಿ ಕೈಗೆ ಚರ್ಪು, ಅಂದರೆ ತಿಂಡಿ, ಹಾಕಬೇಕು. ಚರ್ಪು ಚೆನ್ನಾಗಿರುವ ಮನೆಗೆ ಮಕ್ಕಳು ಎರಡನೇ ಸಲವೂ ಬರುತ್ತಿದ್ದರು ಎನ್ನುವುದು ಬೇರೆ ಮಾತು.

ಮೈಸೂರು ಅರಮನೆಯಲ್ಲಿ ಗೊಂಬೆಗಳಿಗಾಗಿ ಗೊಂಬೆ ತೊಟ್ಟಿ ಎಂಬ ಅಂಗಳವೇ ಇದೆ. ಅರಮನೆಯವರದ್ದು ಅರಮನೆಗೆ ತಕ್ಕ ಹಾಗೆ. ಬೀದಿಮನೆಯ ಗೊಂಬೆ ಹಬ್ಬ ಮಾತ್ರ ಪ್ರತಿ ವರ್ಷ ಬಿಚ್ಚಿ ಕಟ್ಟುವ ಗೊಂಬೆಮನೆ. ಊರ್ಟ್‌ಮನ್ನಳ ಮನೆ ಒಮ್ಮೆ ಕಟ್ಟಿದರೆ ಮುಗಿಯಿತು, ಬೀಗ ಹಾಕಿ ಕಾಪಾಡಬೇಕು. ಇಲ್ಲಿ ಹತ್ತನೇ ದಿನಕ್ಕೆ ಟ್ರಂಕು ಟ್ರಂಕಾಗುತ್ತದೆ, ಪಂಚೆ ಒಗೆಯಲು ಹೋಗುತ್ತದೆ. ಗೋಡೆ, ಸೂರು, ನೆಲಗಳನ್ನು ಮರದಲ್ಲಿ ಮಾಡಿ ವರ್ಷವಿಡೀ ಜಾಗ ಕೊಡುವಷ್ಟು ದೊಡ್ಡ ಮನೆ ಎಷ್ಟು ಜನಕ್ಕಿತ್ತು? ಬೆರಳುದ್ದದ ಪಾತ್ರೆಯಾದರೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಯುತ್ತದೆ. ಚನ್ನಪಟ್ಟಣದ ಲೇತಿನವರಿಗೆ ಗಿರಾಕಿಯ ಮನೆಯ ಅಟ್ಟದ ಅಳತೆಯೂ ಗೊತ್ತಿತ್ತು ಎನ್ನಬೇಕು. ಆ ಲೇತಿನವರಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳವರು. ದಸರೆಯ ಅಡಿಗೆಮನೆಗೆ ಪಾತ್ರೆ ಕಡೆದದ್ದು ಅವರ ಕೈ.

ಮರದ ಚಪ್ಪಟೆ ಕೆಲಸದಲ್ಲಿ ಕನ್ನಡ ನಾಡಿನವರಿಗೆ ನೈಪುಣ್ಯ ಇರಲಿಲ್ಲ ಎಂದಲ್ಲ. ಅದು ಬೇರೆ ಊರಿನಲ್ಲಿ, ಬೇರೆಯವರ ಕೈಯಲ್ಲಿತ್ತು. ಮೈಸೂರಿನ ಬೀಟೆ ಮರದ ಕುಂದಣ ಕೆಲಸವನ್ನೇ ನೋಡಬಹುದು. ಕರಿ ಬೀಟೆಯ ಹಲಗೆಯ ಮೇಲೆ ಚಿತ್ರ ಗುರುತಿಸಿ, ಅದೇ ಆಕಾರಕ್ಕೆ ತಗ್ಗು ತೋಡಿ, ನೂಲಿನಂಥ ಗರಗಸದಲ್ಲಿ ಕತ್ತರಿಸಿದ ತೆಳು ಮರದ ಚೂರುಗಳನ್ನು ಅದರೊಳಗೆ ಕೂರಿಸುತ್ತಾರೆ. ಹಳದಿಗೆ ಹಲಸು, ಬಿಳಿಗೆ ಒಂದು ಮರ, ಕೆಂಪಿಗೆ ಇನ್ನೊಂದು, ಎಲ್ಲ ಮರದ ಸ್ವಂತ ಬಣ್ಣವೇ. ಹಿಂದೆ ಬಿಳಿಯ ಜಾಗಕ್ಕೆ ಆನೆದಂತ ಬರುತ್ತಿತ್ತು. 1897ರ ಬೆಂಕಿಯಲ್ಲಿ ಹಳೆಯ ಅರಮನೆ ಸುಟ್ಟಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ 1912ಕ್ಕೆ ಮುಗಿದ ಹೊಸ ಅರಮನೆಯ ಬಾಗಿಲುಗಳಲ್ಲಿ ಆ ದಂತದ ಕುಂದಣವನ್ನು ಈಗಲೂ ಕಾಣಬಹುದು. ಗೊಂಬೆಮನೆಗೆ ಮರದ ನೆಲ ಹಾಸುವವರು ಮಾಡುವುದೂ ಇದೇ ಜಾತಿಯ ಕೆಲಸ: ಮಿಲಿಮೀಟರ್ ಲೆಕ್ಕದ ಚೂರು, ಬಣ್ಣ ಬಣ್ಣದ ಮರ, ಕೂದಲೂ ತೂರದ ಕೀಲು. ಮೈಸೂರಿನವರು ಮನಸ್ಸು ಮಾಡಿದ್ದರೆ ಊರ್ಟ್‌ಮನ್ನಳೇ ತಲೆದೂಗುವಂಥ ನೆಲ ಹಾಸಬಹುದಿತ್ತು. ಅವರು ಆನೆ, ಹಳ್ಳಿಯ ಬೀದಿ, ಕೃಷ್ಣ ರಾಧೆಯರ ಚಿತ್ರಫಲಕ ಮಾಡಿದರು, ಕೊಳ್ಳುವವರು ಕೇಳಿದ್ದು ಅದನ್ನೇ.

ಸ್ವಾತಂತ್ರ್ಯದ ನಂತರ ಕರಕುಶಲ ಕಲೆಗಳಿಗೆ ಸರ್ಕಾರದ ಆಸರೆ ಬಂತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು, ಅದನ್ನು ಬೆಳೆಸಿದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. 1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಬಂತು, ಕಾವೇರಿ ಮಳಿಗೆಗಳ ಕಪಾಟಿಗೆ ಚನ್ನಪಟ್ಟಣದ ಗೊಂಬೆ ಏರಿತು. ಮುಂದೆ ಊರಿನಲ್ಲೇ ಅರಗಿನ ಕೆಲಸದ ಸಂಕೀರ್ಣವೊಂದು ತಲೆಯೆತ್ತಿತು. ಸ್ವಂತ ಲೇತು ಇಲ್ಲದವರು ಅಲ್ಲಿ ಹೋಗಿ ಕೆಲಸ ಮಾಡಬಹುದಿತ್ತು. ಹೆಂಗಸರೂ ಕಸುಬಿಗೆ ಇಳಿದರು. ಕುಶಲಕರ್ಮಿಗಳ ಬಡಾವಣೆಯಾದ ಕಲಾನಗರದ ಮನೆಗಳಲ್ಲಿ ಮುಂದಿನ ಕೋಣೆ ಕಾರ್ಖಾನೆ, ಹಿಂದಿನ ಕೋಣೆ ಸಂಸಾರ.

ಮೋಟಾರಿನ ಲೇತಿಗೆ ಹೊಟ್ಟೆ ದೊಡ್ಡದು, ಅದಕ್ಕೆ ಗೊಂಬೆಯೊಂದೇ ಸಾಲಲಿಲ್ಲ. ಮಣಿ ಬಂತು: ಕೊರಳಿಗೆ ಮಣಿಸರ, ಬಾಗಿಲಿಗೆ ಮಣಿ ಪರದೆ, ಕಾರಿನ ಸೀಟಿಗೆ ಮಣಿ ಹೊದಿಕೆ. ಶಾಲೆಗೆ ಎಣಿಸುವ ಮಣಿಚೌಕಟ್ಟು. ಹಾಲೆ ಮರ ಸಾಲದೆ ಬಂದಾಗ ರಬ್ಬರ್ ಮರ, ಸಿಲ್ವರ್ ಓಕ್ ಕೂಡ ಲೇತಿಗೇರಿದವು. ಹಾಲೆಯ ನಯ ಇವಕ್ಕಿಲ್ಲ, ಆದರೆ ತೋಟದಲ್ಲಿ ಸಿಗುತ್ತವೆ.

ಚಪ್ಪಟೆ ಮರ ಚನ್ನಪಟ್ಟಣಕ್ಕೆ ಬಂದದ್ದು ಕುದುರೆ ಏರಿ. ತೂಗುಕುದುರೆಯ ಕಾಲು, ತಲೆ, ತೂಗುವ ಬಿಲ್ಲು ಎಲ್ಲ ಹಲಗೆಯಲ್ಲಿ ಕೊಯ್ದದ್ದು, ಹಿಡಿಕೆ, ಗೂಟಗಳಷ್ಟೇ ಲೇತಿನವು. ರೈಲಿನ ಗಾಲಿ, ಹೊಗೆಕೊಳವೆ, ಬಾಯ್ಲರು ದುಂಡು, ಅವು ನಿಲ್ಲುವ ಪೀಠ ಚಪ್ಪಟೆ. ಇವತ್ತು ಅಂಗಡಿಯಲ್ಲಿ ಅಂಥ ಒಂದು ರೈಲನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರೆ ಎರಡು ಕಸುಬಿನ ಗಡಿ ಕಣ್ಣಿಗೇ ಕಾಣುತ್ತದೆ. ಬಾಯ್ಲರಿನ ಹೊಳಪು ಮರದೊಳಗಿಂದಲೇ ಬಂದಂತೆ, ಬೆರಳಾಡಿಸಿದರೆ ತೊಡಕಿಲ್ಲ. ಪೀಠದ ಮೇಲಿನದು ಕುಂಚದಲ್ಲಿ ಬಳಿದ ಬಣ್ಣ, ಮೂಲೆಯಲ್ಲಿ ಬೇಗ ಸುಲಿಯುತ್ತದೆ. ಹಲಗೆಗೆ ಅರಗು ಹಚ್ಚಲು ಲೇತಿಗೆ ಇವತ್ತಿಗೂ ಆಗಿಲ್ಲ.

2000ದ ನಂತರ ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆ ಜಾತ್ರೆಜಾತ್ರೆಗೂ ನುಗ್ಗಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಿಂದ ನೆಲಮಂಗಲ ತಾಲ್ಲೂಕಿನ ಶಿವಗಂಗೆಯವರೆಗೆ ಯಾವ ಜಾತ್ರೆಯ ಆಟಿಕೆ ಸಾಲಿಗೆ ಹೋದರೂ ಕೂಗುವ, ಮಿನುಗುವ ಪ್ಲಾಸ್ಟಿಕ್ಕಿನದ್ದೇ ದರ್ಬಾರು. ಭೌಗೋಳಿಕ ಸೂಚಿಕೆಯಿಂದ ಹೆಸರಿಗೆ ಕಾವಲು ಸಿಕ್ಕಿತು, ಸಂತೆಯ ಗಿರಾಕಿ ಸಿಗಲಿಲ್ಲ. 2015ರ ಗಣರಾಜ್ಯೋತ್ಸವದಲ್ಲಿ ದಿಲ್ಲಿಯ ರಾಜಪಥದ ಮೇಲೆ ಕರ್ನಾಟಕದ ಸ್ತಬ್ಧಚಿತ್ರವಾಗಿ ಸಾಗಿದ್ದು ಚನ್ನಪಟ್ಟಣದ ಗೊಂಬೆಗಳೇ. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಲೇತು ಇಟ್ಟುಕೊಂಡವರು ಪ್ರಯೋಗಾಲಯ ಎಲ್ಲಿಂದ ತರಬೇಕು? ನೋಂದಾಯಿತ ಕುಶಲಕರ್ಮಿಗಳ ಆಟಿಕೆಗೆ, ಭೌಗೋಳಿಕ ಸೂಚಿಕೆ ಇರುವ ಆಟಿಕೆಗೆ ವಿನಾಯಿತಿ ಸಿಕ್ಕಿದ್ದರಿಂದ ಕಸುಬು ಉಸಿರಾಡಿತು.

ಮುಂದಿನ ಪೆಟ್ಟು ಬಿದ್ದದ್ದು ರಸ್ತೆಯಿಂದ. ಬೆಂಗಳೂರಿನಿಂದ 60 ಕಿಲೋಮೀಟರ್ ದೂರದ ಈ ಊರಿಗೆ ಮೈಸೂರು ಹೆದ್ದಾರಿಯೇ ಮುಖ್ಯ ಅಂಗಡಿಬೀದಿಯಾಗಿತ್ತು. ಕಾಫಿಗೆ ನಿಂತ ಬಸ್ಸಿನವರು, ಮೈಸೂರಿನಿಂದ ಮರಳುವ ಶಾಲಾ ಪ್ರವಾಸದ ಮಕ್ಕಳು, ತೂಗುಕುದುರೆ ಕಂಡು ಹಟ ಹಿಡಿದ ಕೂಸಿನ ಅಪ್ಪ ಅಮ್ಮ, ಇವರೇ ಗಿರಾಕಿಗಳಾಗಿದ್ದರು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹತ್ತು ಪಥದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಕಾರುಗಳು ಬೈಪಾಸಿನಲ್ಲಿ ಭರ್ರನೆ ಹೋಗಿಬಿಡುತ್ತವೆ. ಗೊಂಬೆ ಬೇಕಾದವರು ಈಗ ಬೇಕೆಂದೇ ಇಳಿದು ಹಳೆಯ ರಸ್ತೆಗೆ ಬರಬೇಕು. ಅಷ್ಟು ಪುರುಸೊತ್ತು ಇಲ್ಲದವರಿಗೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಅದೇ ಗೊಂಬೆ ಸಿಗುತ್ತದೆ, ವಿಮಾನ ನಿಲ್ದಾಣದ ಬೆಲೆಗೆ.

ಹಳೆಯ ರಸ್ತೆಗೆ ಬಂದವರಿಗೆ ಅಂಗಡಿಯವರು ತಪ್ಪದೆ ಹೇಳುವ ಮಾತೊಂದಿದೆ: ಬಿಸಿನೀರಿನಲ್ಲಿ ತೊಳೆಯಬೇಡಿ, ಬಿಸಿಲಿನಲ್ಲಿ ಇಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅರಗು ಬಿಸಿಗೆ ಬಂದದ್ದು, ಬಿಸಿಗೇ ಹೋಗುತ್ತದೆ. ಸ್ಪಿರಿಟ್ಟಿಗಂತೂ ತಡೆಯುವುದೇ ಇಲ್ಲ, ಕರಗಿಬಿಡುತ್ತದೆ. ಕೊರೋನಾ ಕಾಲದಲ್ಲಿ ಕೈಗೆ ಸಿಕ್ಕಿದ್ದಕ್ಕೆಲ್ಲ ಸ್ಯಾನಿಟೈಸರ್ ಹಾಕಿ ಒರೆಸಿದ ಮನೆಗಳಲ್ಲಿ ಮಕ್ಕಳ ಅಡಿಗೆ ಸೆಟ್ಟಿನ ಹೊಳಪು ಬಟ್ಟೆಗೆ ಅಂಟಿಕೊಂಡು ಬಂದಿದ್ದರೆ ಅದು ಕಳಪೆ ಬಣ್ಣದ ತಪ್ಪಲ್ಲ, ಅಸಲಿ ಅರಗಿನ ಗುರುತು.